ಏಳು ಸ್ವರದ ಒಂದು ಎಳೆಯಿಂದ ಇಡೀ ಆಟದ ಸಂಗೀತ: ಮಲೆನಾಡಿನ ಆರ್‌ಪಿಜಿ ಕಟ್ಟುವವರಿಗೆ

ಹಳೇ ಕಾಲದ ಆರ್‌ಪಿಜಿ (ಒಂದು ಪಾತ್ರವಾಗಿ ಕಥೆಯೊಳಗೆ ಸಾಗುವ) ವಿಡಿಯೋ ಗೇಮ್‌ಗಳಲ್ಲಿ ಚಿತ್ರ ಅಂದರೆ ಬಣ್ಣದ ಚೌಕಗಳು, ಮಾತು ಅಂದರೆ ಎರಡು ಮೂರು ಸಾಲಿನ ಪೆಟ್ಟಿಗೆ. ಇದು ಊರು, ಇದು ಕಾಡು, ಇಲ್ಲಿ ಹೆದರಬೇಕು, ಇಲ್ಲಿ ದಣಿವಾರಿಸಿಕೊಳ್ಳಬಹುದು ಎಂದು ನಂಬಿಸುವ ಹೊರೆ ಬಹುಪಾಲು ಸಂಗೀತದ ಮೇಲೇ ಬೀಳುತ್ತಿತ್ತು. 1986ರ ಡ್ರ್ಯಾಗನ್ ಕ್ವೆಸ್ಟ್ ಆಟದ ಇಡೀ ಕಡತ 64 ಕಿಲೋಬೈಟ್. ಅಷ್ಟರೊಳಗೇ ಕೊಯಿಚಿ ಸುಗಿಯಾಮಾ ಮಾಡಿದ ಗುಹೆಯ ಟ್ಯೂನ್ ಇದೆ. ಒಂದೊಂದು ಮಹಡಿ ಕೆಳಗಿಳಿದಂತೆ ಅದೇ ಟ್ಯೂನ್ ಇನ್ನಷ್ಟು ನಿಧಾನವಾಗುತ್ತದೆ, ಶ್ರುತಿಯೂ ತಗ್ಗುತ್ತದೆ. ಎಷ್ಟು ಆಳಕ್ಕೆ ಬಂದಿದ್ದೇವೆ ಎಂಬುದು ಕಿವಿಗೇ ಗೊತ್ತಾಗುತ್ತದೆ. 1994ರ ಆರನೇ ಫೈನಲ್ ಫ್ಯಾಂಟಸಿಯಲ್ಲಿ ನೊಬುವೊ ಉಯೆಮಾತ್ಸು ಒಂದು ಪಾತ್ರದ ಟ್ಯೂನನ್ನೇ ಹೊರಪ್ರಪಂಚದಲ್ಲಿ ತಿರುಗಾಡುವ ಟ್ಯೂನಾಗಿ ಇಟ್ಟರು. ಕಥೆಯ ನಡುವೆ ಪ್ರಪಂಚ ಮುರಿದುಬಿದ್ದ ಮೇಲೆ ನಕ್ಷೆಯಲ್ಲಿ ಆ ಟ್ಯೂನ್ ಇರುವುದಿಲ್ಲ, ಬೇರೆಯದು ಬರುತ್ತದೆ. ಹೊಸ ಹಾರುಹಡಗು ಸಿಕ್ಕಮೇಲೆ ಮತ್ತೊಂದು. ಏನು ಕಳೆದುಹೋಯಿತು ಎಂದು ಯಾರೂ ವಿವರಿಸಬೇಕಾಗಿಲ್ಲ.

ಈ ಎರಡರಲ್ಲೂ ಗುಟ್ಟು ಒಂದೇ: ಕಡಿಮೆ ಟ್ಯೂನು, ಒಂದಕ್ಕೊಂದು ನಂಟಿರುವ ಟ್ಯೂನು. ಮಲೆನಾಡಿನಲ್ಲಿ ನಡೆಯುವ ಒಂದು ಸಣ್ಣ ಆಟಕ್ಕೆ ಇದನ್ನು ಮಾಡುವುದು ಹೇಗೆ ಎಂಬುದನ್ನು ಇಲ್ಲಿ ಹಂತಹಂತವಾಗಿ ಕೊಟ್ಟಿದೆ. ಆಟದಲ್ಲಿ ತೀರ್ಥಹಳ್ಳಿ ಕಡೆಯ ಒಂದು ಊರು, ಆಗುಂಬೆಯ ಕಾಡು, ಕವಲೇದುರ್ಗದ ಕೋಟೆ, ಕೊನೆಗೆ ಜೋಗ ಇವೆ ಎಂದಿಟ್ಟುಕೊಳ್ಳಿ. ಸಂಗೀತಕ್ಕೆ ಫ್ಯಾಮಿಟ್ರ್ಯಾಕರ್ (ಹಳೇ ಗೇಮ್ ಯಂತ್ರದ ದನಿಯಲ್ಲಿ ಸ್ವರಗಳನ್ನು ಸಾಲುಸಾಲಾಗಿ ಬರೆಯುವ ‘ಟ್ರ್ಯಾಕರ್’ ತಂತ್ರಾಂಶ; ಉಚಿತ, ವಿಂಡೋಸ್‌ನಲ್ಲಿ ಓಡುತ್ತದೆ), ಕತ್ತರಿಸಲು ಆಡಾಸಿಟಿ, ಆಟ ಕಟ್ಟಲು ಆರ್‌ಪಿಜಿ ಮೇಕರ್ ಎಂಝಡ್. ಬೇರೆ ಎಂಜಿನ್ ಬಳಸುವವರಿಗೂ ಕೊನೆಯ ಒಂದೆರಡು ಭಾಗ ಬಿಟ್ಟರೆ ಉಳಿದದ್ದೆಲ್ಲ ಹಾಗೆಯೇ ಒಪ್ಪುತ್ತದೆ.

ಮೊದಲು ಪಟ್ಟಿ

ಎರಡು ಮೂರು ಗಂಟೆಯ ಆಟಕ್ಕೆ ಎಂಟು ಟ್ಯೂನ್ ಸಾಕು: ಶೀರ್ಷಿಕೆ, ಊರು, ಕಾಡು, ಕೋಟೆ, ಮಾಮೂಲಿ ಕಾಳಗ, ದೊಡ್ಡ ಕಾಳಗ, ದುಃಖದ ಸನ್ನಿವೇಶ, ಮುಕ್ತಾಯ. ಇವುಗಳ ಜೊತೆ ನಾಲ್ಕೈದು ಸೆಕೆಂಡಿನ ನಾಲ್ಕು ತುಣುಕು: ಗೆಲುವು, ಸೋಲು, ರಾತ್ರಿ ತಂಗುವುದು, ಏನೋ ಸಿಕ್ಕಿದ್ದು. ಇದಕ್ಕಿಂತ ಹೆಚ್ಚು ಮಾಡಲು ಹೊರಟರೆ ಅರ್ಧ ಮುಗಿಯುವುದಿಲ್ಲ, ಮುಗಿದವೂ ಆಡುವವರ ನೆನಪಿನಲ್ಲಿ ಉಳಿಯುವುದಿಲ್ಲ. ಒಂದು ಟ್ಯೂನ್ ನೆನಪಾಗಬೇಕಾದರೆ ಅದು ಮತ್ತೆ ಮತ್ತೆ ಬರಬೇಕು.

ಊರಿನ ಟ್ಯೂನ್ 60ರಿಂದ 70 ಸೆಕೆಂಡ್ ಇರಲಿ, ಕಾಡಿನದು 80ರಿಂದ 90, ಕಾಳಗದ್ದು 40. ಅಂಗಡಿಗೆ, ದೇವಸ್ಥಾನಕ್ಕೆ ಪ್ರತ್ಯೇಕ ಟ್ಯೂನ್ ಬೇಡ. ಊರಿನದೇ ಒಳಗೂ ಮುಂದುವರಿಯಲಿ. ಎರಡು ನಕ್ಷೆಗಳಿಗೆ ಒಂದೇ ಕಡತ ಕೊಟ್ಟರೆ ಆರ್‌ಪಿಜಿ ಮೇಕರ್ ಅದನ್ನು ಮೊದಲಿಂದ ಶುರು ಮಾಡುವುದಿಲ್ಲ, ಬಾಗಿಲು ದಾಟಿದರೂ ಹಾಡು ತುಂಡಾಗದೆ ಸಾಗುತ್ತದೆ.

ಎಳೆ ಕಟ್ಟುವುದು

ಕಥಾನಾಯಕಿಯ ಟ್ಯೂನಿನಿಂದ ಶುರು ಮಾಡಿ. ಮೋಹನ ರಾಗ ಒಳ್ಳೆಯ ನೆಲೆ: ಸ ರಿ ಗ ಪ ದ, ಐದೇ ಸ್ವರ. ಸಿ ಶ್ರುತಿಯಲ್ಲಿ ಸಿ, ಡಿ, ಇ, ಜಿ, ಎ. ನಮ್ಮ ಎಳೆ ಇದು:

ಗ ಪ ದ ಪ ಗ ರಿ ಸ

ಕೀಬೋರ್ಡಿನಲ್ಲಿ ಇ, ಜಿ, ಎ, ಜಿ, ಇ, ಡಿ, ಸಿ. ಹತ್ತಿ ಇಳಿಯುವ ಏಳು ಸ್ವರ, ಯಾರು ಬೇಕಾದರೂ ಗುನುಗಬಹುದು. ಕೊನೆಯ ‘ಸ’ವನ್ನು ಎರಡು ಅಕ್ಷರ (ತಾಳದ ಎಣಿಕೆ) ನಿಲ್ಲಿಸಿದರೆ ಆದಿತಾಳದ 8 ಅಕ್ಷರ ತುಂಬುತ್ತದೆ, ಊರಿನ ನಡಿಗೆ ಬರುತ್ತದೆ. ಅದೇ ‘ಸ’ ಒಂದೇ ಅಕ್ಷರಕ್ಕೆ ಮುಗಿದರೆ ತ್ರಿವುಡೆಯ 7: ಗ ಪ ದ, ಪ ಗ, ರಿ ಸ. ಉಸಿರು ತೆಗೆದುಕೊಳ್ಳಲು ಜಾಗವಿಲ್ಲದೆ ಮತ್ತೆ ‘ಗ’ಕ್ಕೆ ಹಾರಬೇಕು. ಊರಿಗೆ 8, ದೊಡ್ಡ ಕಾಳಗಕ್ಕೆ 7 ಎಂದು ಈಗಲೇ ಗೊತ್ತು ಮಾಡಿಕೊಳ್ಳಿ. ಯಕ್ಷಗಾನ ನೋಡಿ ಬೆಳೆದ ಕಿವಿಗೆ ತ್ರಿವುಡೆ ಹೊಸದಲ್ಲ, ಆದ್ದರಿಂದ ಮಲೆನಾಡಿನ ಆಟದಲ್ಲಿ ಏಳರ ಲೆಕ್ಕ ಕೃತಕ ಅನ್ನಿಸುವುದಿಲ್ಲ.

ಫ್ಯಾಮಿಟ್ರ್ಯಾಕರ್‌ನಲ್ಲಿ ಟೆಂಪೊ 150 ಹಾಗೇ ಬಿಟ್ಟು ಸ್ಪೀಡ್ ಮಾತ್ರ ಬದಲಿಸಿ. ನಾಲ್ಕು ಸಾಲಿಗೆ ಒಂದು ಅಕ್ಷರ ಎಂದು ಹಿಡಿದರೆ ಸ್ಪೀಡ್ 5ಕ್ಕೆ ನಿಮಿಷಕ್ಕೆ 180 ಅಕ್ಷರ, 6ಕ್ಕೆ 150, 8ಕ್ಕೆ 112.5, 9ಕ್ಕೆ 100, 10ಕ್ಕೆ 90. ಊರಿಗೆ 8, ಕಾಡಿಗೆ 9, ಮಾಮೂಲಿ ಕಾಳಗಕ್ಕೆ 6, ದೊಡ್ಡದಕ್ಕೆ 5 ಕೊಡಿ. ಊರಿನ ಒಂದು ಆವರ್ತ (ತಾಳದ ಒಂದು ಸುತ್ತು) 32 ಸಾಲು. ಪ್ಯಾಟರ್ನ್ (ಟ್ರ್ಯಾಕರಿನ ಒಂದು ಪುಟ) ತಾನಾಗಿ 64 ಸಾಲಿರುತ್ತದೆ, ಎರಡು ಆವರ್ತ ಸರಿಯಾಗಿ ಕೂರುತ್ತದೆ. ತ್ರಿವುಡೆಯ ಆವರ್ತ ಮಾತ್ರ 28 ಸಾಲು. ಅಲ್ಲಿ ಪ್ಯಾಟರ್ನಿನ ಉದ್ದವನ್ನು 56ಕ್ಕೆ ಇಳಿಸಲೇಬೇಕು. 64 ಬಿಟ್ಟರೆ ಎರಡು ಆವರ್ತ ಮುಗಿದ ಮೇಲೆ ಎಂಟು ಸಾಲು ಖಾಲಿ ಬಿದ್ದು ತಾಳ ಕುಂಟುತ್ತದೆ. ಕೇಳಿದವರಿಗೆ ‘ಏನೋ ಸರಿಯಿಲ್ಲ’ ಅನ್ನಿಸುತ್ತದೆ, ಏನೆಂದು ಹೇಳಲು ಬರುವುದಿಲ್ಲ.

ಷಡ್ಜ ಸರಿಸಿ ಊರನ್ನು ಕಾಡು ಮಾಡುವುದು

ಇದು ಈ ಇಡೀ ಕೆಲಸದ ತಿರುಳು. ಕರ್ನಾಟಕ ಸಂಗೀತದಲ್ಲಿ ಗ್ರಹಭೇದ ಎಂದು ಕರೆಯುತ್ತಾರೆ: ಸ್ವರಗಳ ಜಾಗ ಕದಲಿಸದೆ ಬೇರೆ ಸ್ವರವನ್ನು ಷಡ್ಜ (‘ಸ’) ಎಂದು ಹಿಡಿದರೆ ಬೇರೆ ರಾಗವಾಗುತ್ತದೆ. ಮೋಹನ ಇದಕ್ಕೆ ಹೇಳಿಮಾಡಿಸಿದ ರಾಗ. ಅದರ ‘ರಿ’ಯನ್ನು ಷಡ್ಜ ಮಾಡಿದರೆ ಮಧ್ಯಮಾವತಿ, ‘ಗ’ವನ್ನು ಮಾಡಿದರೆ ಹಿಂದೋಳ, ‘ಪ’ವನ್ನು ಮಾಡಿದರೆ ಶುದ್ಧ ಸಾವೇರಿ, ‘ದ’ವನ್ನು ಮಾಡಿದರೆ ಶುದ್ಧ ಧನ್ಯಾಸಿ.

ಟ್ರ್ಯಾಕರ್‌ನಲ್ಲಿ ಇದಕ್ಕೆ ಮಾಡಬೇಕಾದ್ದು ಒಂದೇ ಕೆಲಸ. ಮೇಲಿನ ಟ್ಯೂನನ್ನು ಮುಟ್ಟಬೇಡಿ, ಕೆಳಗಿನ ಬೇಸ್ (ತಗ್ಗು ಸ್ಥಾಯಿಯ ಆಧಾರ ಸ್ವರ) ಬದಲಿಸಿ.

ಊರಿನಲ್ಲಿ ಬೇಸ್ ಸಿ ಮೇಲೆ ನಿಂತಿದೆ. ಎಳೆ ಕೊನೆಗೆ ‘ಸ’ಕ್ಕೆ ಬಂದು ಮನೆ ಸೇರುತ್ತದೆ. ಕಾಡಿನಲ್ಲಿ ಬೇಸನ್ನು ಇ ಮೇಲೆ ನಿಲ್ಲಿಸಿ. ಅದೇ ಏಳು ಸ್ವರ ಈಗ ‘ಸ ಗ ಮ ಗ ಸ ನಿ ದ’ ಎಂದು ಕೇಳುತ್ತದೆ. ಹಿಂದೋಳದ ಆ ಕೆಳಗಿನ ‘ದ’ದ ಮೇಲೆ ನಿಂತಾಗ ಟ್ಯೂನು ಮನೆ ಮುಟ್ಟುವುದೇ ಇಲ್ಲ. ಕಾನಿನ ನಡುವೆ ದಾರಿ ತಪ್ಪಿದ ಭಾವ ಇಲ್ಲಿಂದಲೇ ಬರುತ್ತದೆ, ಒಂದು ಸ್ವರವನ್ನೂ ಹೊಸದಾಗಿ ಬರೆಯಬೇಕಿಲ್ಲ. ದುಃಖದ ಸನ್ನಿವೇಶಕ್ಕೆ ಬೇಸ್ ಎ ಮೇಲೆ: ‘ಪ ನಿ ಸ ನಿ ಪ ಮ ಗ’, ಶುದ್ಧ ಧನ್ಯಾಸಿ, ಸ್ಪೀಡ್ 10ಕ್ಕೆ ಇಳಿಸಿ. ಮುಕ್ತಾಯಕ್ಕೆ ಬೇಸ್ ಡಿ ಮೇಲೆ: ‘ರಿ ಮ ಪ ಮ ರಿ ಸ ನಿ’. ಮಧ್ಯಮಾವತಿಯಲ್ಲಿ ಮಂಗಳ ಹಾಡುವ ವಾಡಿಕೆ ನಮ್ಮಲ್ಲಿ ಹಳೆಯದು. ಆಟದ ಕೊನೆಯ ಪರದೆಗೆ ಇದಕ್ಕಿಂತ ಒಪ್ಪುವ ರಾಗ ಹುಡುಕುವುದು ಕಷ್ಟ. ಆದರೆ ‘ನಿ’ಯಲ್ಲಿ ಬಿಡಬೇಡಿ, ಇನ್ನೊಂದು ‘ಸ’ ಸೇರಿಸಿ ನಿಲ್ಲಿಸಿ.

ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪುಗಳು ಮೂರು.

ಒಂದು, ಶ್ರುತಿಗೆ ಯೋಚಿಸದೆ ಪಂಚಮ ಸೇರಿಸುವುದು. ಸಿ ಜೊತೆ ಜಿ ಸರಿ. ಇ ಜೊತೆ ಪಂಚಮ ಅಂದರೆ ಬಿ. ಅದು ನಮ್ಮ ಐದು ಸ್ವರದಲ್ಲಿ ಇಲ್ಲ, ಹಿಂದೋಳದಲ್ಲಿ ಪಂಚಮವೇ ಇಲ್ಲ. ಅಲ್ಲಿ ಮಧ್ಯಮ, ಅಂದರೆ ಎ ಕೊಡಿ.

ಎರಡು, ಆರ್ಪೆಜಿಯೊ. ಹಳೇ ಯಂತ್ರದಲ್ಲಿ ಒಂದು ಚಾನೆಲ್ ಒಂದು ಸಲಕ್ಕೆ ಒಂದೇ ಸ್ವರ ನುಡಿಸುತ್ತಿತ್ತು. ಆದ್ದರಿಂದ ಮೂರು ಸ್ವರಗಳನ್ನು ಒಂದೊಂದಕ್ಕೆ ಸೆಕೆಂಡಿನ 60ನೇ ಒಂದು ಭಾಗದಂತೆ ಸುತ್ತಿಸಿ ಕಾರ್ಡ್‌ನ ಭ್ರಮೆ ಹುಟ್ಟಿಸುತ್ತಿದ್ದರು. ಪಾಠಗಳಲ್ಲಿ ಸಿಗುವ 0, 4, 7 ಎಂಬ ಅಂಕಿಗಳನ್ನು ಎಲ್ಲ ಸ್ವರಕ್ಕೂ ಹಾಕಿದರೆ ರಾಗ ಕೆಡುತ್ತದೆ. ಸಿ ಮೇಲೆ 0, 4, 7. ಎ ಮೇಲೆ 0, 3, 7. ಡಿ ಮತ್ತು ಜಿ ಮೇಲೆ 0, 5, 7. ಇ ಮೇಲೆ 0, 5, 8. ಇವಿಷ್ಟೂ ಐದು ಸ್ವರದೊಳಗೇ ಇರುತ್ತವೆ.

ಮೂರನೆಯದು ಎಲ್ಲಕ್ಕಿಂತ ಮೋಸದ್ದು. ಹೆಡ್‌ಫೋನಿನಲ್ಲಿ ಕಾಡು ಕಾಡಾಗಿಯೇ ಕೇಳುತ್ತದೆ, ಮೊಬೈಲ್ ಸ್ಪೀಕರಿನಲ್ಲಿ ಮತ್ತೆ ಊರಾಗಿಬಿಡುತ್ತದೆ. ಕಾರಣ ಸರಳ: ಸಣ್ಣ ಸ್ಪೀಕರು ಸುಮಾರು 200 ಹರ್ಟ್ಝ್‌ಗಿಂತ ಕೆಳಗಿನದನ್ನು ಸರಿಯಾಗಿ ನುಡಿಸುವುದಿಲ್ಲ, ನಮ್ಮ ರಾಗ ಬದಲಾಗಿದ್ದು ಬೇಸಿನಿಂದ ಮಾತ್ರ. ಬೇಸ್ ಕೇಳದಿದ್ದರೆ ಹಿಂದೋಳ ಮತ್ತೆ ಮೋಹನವಾಗುತ್ತದೆ. ಪರಿಹಾರ ಎರಡಿವೆ. ಬೇಸನ್ನು ಒಂದು ಸ್ಥಾಯಿ ಮೇಲಕ್ಕೆ, 165 ಹರ್ಟ್ಝ್‌ನ ಇ ಬದಲು 330ರ ಇ ಗೆ ತನ್ನಿ; ಅಥವಾ ಎರಡನೇ ಪಲ್ಸ್ ಚಾನೆಲಿನಲ್ಲಿ (ಚಾನೆಲ್‌ಗಳ ವಿವರ ಮುಂದಿನ ಭಾಗದಲ್ಲಿದೆ) ಅದೇ ಇ ಯನ್ನು ಮೇಲಿನ ಸ್ಥಾಯಿಯಲ್ಲಿ ಮೆಲ್ಲಗೆ ಹಿಡಿದಿಡಿ. ಎರಡನೆಯದೇ ಮೇಲು, ಟ್ಯೂನಿಗೂ ಬೇಸಿಗೂ ನಡುವೆ ಜಾಗ ಉಳಿಯುತ್ತದೆ.

ಐದು ಚಾನೆಲ್, ಐದು ಕೆಲಸ

ನಿಂಟೆಂಡೊದ ಹಳೇ ಗೇಮ್ ಯಂತ್ರ ಫ್ಯಾಮಿಕಾಮ್‌ನ ಧ್ವನಿ ಚಿಪ್ಪಿನಲ್ಲಿ ಎರಡು ಪಲ್ಸ್, ಒಂದು ಟ್ರ್ಯಾಂಗಲ್, ಒಂದು ನಾಯ್ಸ್, ಒಂದು ಸ್ಯಾಂಪಲ್ ಚಾನೆಲ್ ಇದ್ದವು. ಈಗ ಯಾವ ಮಿತಿಯೂ ಇಲ್ಲದಿದ್ದರೂ ಈ ಐದರೊಳಗೆ ಕೆಲಸ ಮಾಡುವುದು ಒಳ್ಳೆಯದು. ಒಂದೊಂದು ಚಾನೆಲೂ ಏಕಿದೆ ಎಂದು ಪ್ರತಿ ಸಲ ಕೇಳಿಕೊಳ್ಳಬೇಕಾಗುತ್ತದೆ.

ಮೊದಲ ಪಲ್ಸ್ ಟ್ಯೂನಿಗೆ. ಡ್ಯೂಟಿ (ಪ್ರತಿ ಅಲೆಯಲ್ಲಿ ಮೇಲೆ ನಿಲ್ಲುವ ಪಾಲು) 0 ಅಂದರೆ 12.5 ಶೇಕಡಾ, ತೆಳು, ಮೂಗಿನ ದನಿ. 1 ಅಂದರೆ 25. 2 ಅಂದರೆ 50, ದುಂಡು ದನಿ. 3 ಅಂದರೆ 75, ಕಿವಿಗೆ 25ರಂತೆಯೇ. ಊರಿಗೆ 2, ಕಾಡಿಗೆ 0 ಇಟ್ಟರೆ ಒಂದೇ ಎಳೆಗೆ ಎರಡು ಬಣ್ಣ ಬರುತ್ತದೆ. ಗಮಕಕ್ಕೆ ಎಫೆಕ್ಟ್ ಕಾಲಮ್ ಬಳಸಿ. ಜಾರಿಗೆ 3ನೇ ಎಫೆಕ್ಟ್, 306ರಿಂದ 310ರವರೆಗೆ ಹಾಕಿ ಕೇಳಿ. ಬೇಡವಾದಲ್ಲಿ 300 ಹಾಕಿ ನಿಲ್ಲಿಸಿ, ಇಲ್ಲದಿದ್ದರೆ ಮುಂದಿನ ಸ್ವರಗಳೂ ಜಾರುತ್ತವೆ. ಕಂಪಿತಕ್ಕೆ, ಅಂದರೆ ಸ್ವರದ ನಡುಕಕ್ಕೆ, 4ನೇ ಎಫೆಕ್ಟ್: 434ರಲ್ಲಿ 3 ವೇಗ, ಕೊನೆಯ 4 ಆಳ. ನಿಲ್ಲಿಸಲು 400. ತಗ್ಗು ಸ್ಥಾಯಿಯಲ್ಲಿ ಹಿತವಾಗಿದ್ದ ಜಾರು ಮೇಲಿನ ಸ್ಥಾಯಿಯಲ್ಲಿ ನೆಗೆದಂತೆ ಕೇಳಿದರೆ ಗಾಬರಿ ಬೇಡ. ಚಿಪ್ಪು ಲೆಕ್ಕ ಹಾಕುವುದು ಅಲೆಯ ಉದ್ದದಲ್ಲಿ. ಮೇಲಿನ ಸ್ವರಗಳ ಅಲೆ ಗಿಡ್ಡ, ಅಷ್ಟೇ ಬದಲಾವಣೆ ಅಲ್ಲಿ ದೊಡ್ಡದಾಗುತ್ತದೆ. ಮೇಲಕ್ಕೆ ಹೋದಂತೆ ಅಂಕಿ ಅರ್ಧಕ್ಕಿಳಿಸಿ. ಮೋಹನದ ಎಲ್ಲ ಸ್ವರಕ್ಕೂ ಕಂಪಿತ ಹಾಕಬೇಡಿ. ‘ಗ’ ಮತ್ತು ‘ದ’ಕ್ಕೆ, ಅದೂ ಉದ್ದ ನಿಂತಾಗ ಮಾತ್ರ ಸಾಕು.

ಎರಡನೇ ಪಲ್ಸ್ ಮಾರ್ದನಿಗೆ. ಮೊದಲ ಚಾನೆಲ್ ಪೂರ್ತಿ ನಕಲಿಸಿ ಮೂರು ಸಾಲು ಕೆಳಗೆ ಅಂಟಿಸಿ, ವಾಲ್ಯೂಮ್ 15ರಲ್ಲಿ 4ಕ್ಕೆ ಇಳಿಸಿ. ಕೋಟೆಯ ಒಳಗೆ ಆರು ಸಾಲು ಕೆಳಗೆ ಅಂಟಿಸಿದರೆ ಕಲ್ಲಿನ ಗೋಡೆಯ ದೊಡ್ಡ ಜಾಗ ಕಿವಿಗೆ ಸಿಗುತ್ತದೆ. ಕಾಡಿನಲ್ಲಿ ಮಾತ್ರ ಈ ಚಾನೆಲ್ ಮೇಲೆ ಹೇಳಿದ ಶ್ರುತಿ ಹಿಡಿಯಲಿ.

ಟ್ರ್ಯಾಂಗಲ್ ಬೇಸಿಗೆ. ಇದಕ್ಕೆ ವಾಲ್ಯೂಮ್ ಹೊಂದಾಣಿಕೆ ಇಲ್ಲ, ನುಡಿಯುತ್ತದೆ ಅಥವಾ ಇಲ್ಲ. ಬಿಡದೆ ಹಿಡಿದರೆ ಅರ್ಧ ನಿಮಿಷಕ್ಕೇ ತಲೆ ಚಿಟ್ಟುಹಿಡಿಯುತ್ತದೆ. ಮೂರು ಸಾಲು ನುಡಿಸಿ ಒಂದು ಸಾಲು ಕತ್ತರಿಸಿ. ನಾಯ್ಸ್ ಚಾನೆಲ್ ತಾಳದ ಸದ್ದಿಗೆ.

ಉಳಿದದ್ದು ಸ್ಯಾಂಪಲ್ ಚಾನೆಲ್. ಅದು ಚಂಡೆಗೆ, ಬೇರಾವುದಕ್ಕೂ ಅಲ್ಲ.

ಚಂಡೆ ಮತ್ತು ಕಾಳಗ

ಯಕ್ಷಗಾನದ ಬಡಗುತಿಟ್ಟಿನಲ್ಲಿ ಮದ್ದಲೆ ಉದ್ದಕ್ಕೂ ಜೊತೆಗಿರುತ್ತದೆ, ಚಂಡೆ ಮಾತ್ರ ವೀರ, ರೌದ್ರ, ಯುದ್ಧದ ಹೊತ್ತಿಗೆ ಎದ್ದು ಬರುತ್ತದೆ. ಈ ಸಂಯಮವನ್ನು ಹಾಗೇ ತನ್ನಿ: ಊರಿನಲ್ಲಿ, ಕಾಡಿನಲ್ಲಿ, ಕೋಟೆಯಲ್ಲಿ ಐದನೇ ಚಾನೆಲ್ ಖಾಲಿ ಇರಲಿ. ಕಾಳಗ ಶುರುವಾದಾಗ ಬೀಳುವ ಮೊದಲ ಪೆಟ್ಟೇ ಆಟದಲ್ಲಿ ಚಂಡೆಯ ಮೊದಲ ಪೆಟ್ಟಾಗಬೇಕು. ಶೀರ್ಷಿಕೆಯ ಟ್ಯೂನಿನಲ್ಲೇ ಚಂಡೆ ಬಾರಿಸಿದರೆ ಈ ಬಲವೆಲ್ಲ ಅಲ್ಲೇ ಖರ್ಚಾಗುತ್ತದೆ.

ಪೆಟ್ಟುಗಳನ್ನು ನೀವೇ ರೆಕಾರ್ಡ್ ಮಾಡಿ, ಕಲಾವಿದರ ಒಪ್ಪಿಗೆ ಪಡೆದು, ಸಂಭಾವನೆ ಕೊಟ್ಟು. ಮೇಳದ ಪ್ರಸಂಗದ ರೆಕಾರ್ಡಿಂಗಿನಿಂದ ಕತ್ತರಿಸಬೇಡಿ. ಅನುಮತಿಯ ಪ್ರಶ್ನೆ ಒಂದಾದರೆ, ಅದರಲ್ಲಿ ಮದ್ದಲೆ, ಹಾರ್ಮೋನಿಯಂ, ಭಾಗವತರ ದನಿ ಎಲ್ಲ ಕಲೆತಿರುತ್ತವೆ. ಮೈಕ್ ಎರಡು ಮೀಟರ್ ದೂರದಲ್ಲಿರಲಿ, ಅತಿ ಜೋರಿನ ಪೆಟ್ಟು ಮೀಟರಿನಲ್ಲಿ ಮೈನಸ್ 12 ಡೆಸಿಬೆಲ್ ದಾಟದಿರಲಿ. ಒಂದೊಂದು ಬಗೆಯ ಪೆಟ್ಟನ್ನೂ ಐದು ಸಲ ಬಿಡಿಬಿಡಿಯಾಗಿ, ನಡುವೆ ಎರಡು ಸೆಕೆಂಡ್ ಬಿಟ್ಟು ತೆಗೆದುಕೊಳ್ಳಿ. ಮಳೆಗಾಲದಲ್ಲಿ ಚರ್ಮ ತೇವ ಹೀರಿ ನಾದ ಮಂಕಾಗುತ್ತದೆ. ನವೆಂಬರಿನಿಂದ ಮಾರ್ಚ್ ಒಳಗೆ ಈ ಕೆಲಸ ಮುಗಿಸಿಕೊಳ್ಳುವುದು ಜಾಣತನ.

ಸ್ಯಾಂಪಲ್ ಚಾನೆಲಿನ ಗರಿಷ್ಠ ವೇಗ ಸುಮಾರು 33 ಕಿಲೋಹರ್ಟ್ಝ್, ಒಂದು ಸ್ಯಾಂಪಲ್‌ಗೆ 4081 ಬೈಟ್ ಮಿತಿ. ಹೆಚ್ಚೆಂದರೆ ಒಂದು ಸೆಕೆಂಡಿಗೆ ತುಸು ಕಮ್ಮಿ. ಚಂಡೆಯ ಒಂದು ಪೆಟ್ಟಿಗೆ 0.3 ಸೆಕೆಂಡ್, ಅಂದರೆ 1250 ಬೈಟಿನಷ್ಟು, ಧಾರಾಳ. ಆಮದು ಮಾಡುವ ಮೊದಲು ಆಡಾಸಿಟಿಯಲ್ಲಿ 100 ಹರ್ಟ್ಝ್‌ಗಿಂತ ಕೆಳಗಿನದನ್ನು ಕತ್ತರಿಸಿ, ಕೊನೆಯ 20 ಮಿಲಿಸೆಕೆಂಡ್ ಫೇಡ್ ಮಾಡಿ. ಇಲ್ಲದಿದ್ದರೆ ಪ್ರತಿ ಪೆಟ್ಟಿನ ಕೊನೆಗೂ ‘ಟಪ್’ ಎನ್ನುತ್ತದೆ. ಚಂಡೆ ಬಿದ್ದಾಗ ಬೇಸ್ ಕುಗ್ಗಿದಂತೆ ಕೇಳಿದರೆ ಅದು ಚಿಪ್ಪಿನ ಗುಣ: ಟ್ರ್ಯಾಂಗಲ್, ನಾಯ್ಸ್, ಸ್ಯಾಂಪಲ್ ಮೂರೂ ಒಂದೇ ದಾರಿಯಲ್ಲಿ ಹೊರಬರುತ್ತವೆ, ಒಂದು ಏರಿದರೆ ಉಳಿದವು ತಗ್ಗುತ್ತವೆ. ಪೆಟ್ಟು ಮತ್ತು ಬೇಸಿನ ಸ್ವರವನ್ನು ಒಂದು ಸಾಲು ಆಚೀಚೆ ಮಾಡಿದರೆ ಸರಿಹೋಗುತ್ತದೆ.

ಈಗ ಕಾಳಗದ ಟ್ಯೂನಿನ ಕಟ್ಟಡ. ಮಾಮೂಲಿ ಕಾಳಗ 20ರಿಂದ 40 ಸೆಕೆಂಡಿಗೆ ಮುಗಿಯುತ್ತದೆ, ಆದರೆ ಆಟದಲ್ಲಿ ಅದೆಷ್ಟೋ ಸಲ ಬರುತ್ತದೆ. ಹಾಗಾಗಿ ಮೊದಲ ಹತ್ತು ಸೆಕೆಂಡನ್ನೇ ಆಡುವವರು ಅತಿ ಹೆಚ್ಚು ಕೇಳುವುದು. ಫೈನಲ್ ಫ್ಯಾಂಟಸಿಯ ಮೊದಲ ಆರು ಆಟಗಳಲ್ಲಿ ಮಾಮೂಲಿ ಕಾಳಗ ಒಂದೇ ಬಗೆಯ ಬೇಸ್ ಓಟದಿಂದ ಶುರುವಾಗುತ್ತದೆ. ಎರಡು ಸೆಕೆಂಡಿನೊಳಗೆ ಕೈ ಎಚ್ಚರವಾಗುತ್ತದೆ. ನೀವೂ ಪೀಠಿಕೆಯನ್ನು 16 ಸಾಲಿಗೆ, ಅಂದರೆ 1.6 ಸೆಕೆಂಡಿಗೆ ನಿಲ್ಲಿಸಿ. ಎಳೆಯ ಮೊದಲ ನಾಲ್ಕು ಸ್ವರ, ಗ ಪ ದ ಪ, ಇವನ್ನು ಬೇಸಿನಲ್ಲಿ ಒಂದಕ್ಕೆ ಎರಡು ಸಾಲಿನಂತೆ ಎರಡು ಸಲ ಓಡಿಸಿ. ಹದಿನೇಳನೇ ಸಾಲಿಗೆ ಟ್ಯೂನು, ಚಂಡೆ ಒಟ್ಟಿಗೆ ಬೀಳಲಿ. ದೊಡ್ಡ ಕಾಳಗಕ್ಕೆ ಏಳೂ ಸ್ವರ, ತ್ರಿವುಡೆ, ಬೇಸ್ ಇ ಮೇಲೆ.

ಕಾಡಿನ ಟ್ಯೂನಿಗೂ ಒಂದು ಲೆಕ್ಕ ಉಂಟು. ಆರ್‌ಪಿಜಿ ಮೇಕರಿನಲ್ಲಿ ಶತ್ರು ಎದುರಾಗುವ ಸರಾಸರಿ ತಾನಾಗಿ 30 ಹೆಜ್ಜೆ ಇರುತ್ತದೆ. ಮಾಮೂಲಿ ನಡಿಗೆಯಲ್ಲಿ ಒಂದು ಹೆಜ್ಜೆಗೆ 16 ಫ್ರೇಮ್ (ಸೆಕೆಂಡಿಗೆ 60 ಫ್ರೇಮ್). 30 ಹೆಜ್ಜೆಗೆ 8 ಸೆಕೆಂಡ್. ಸ್ಪೀಡ್ 9ರಲ್ಲಿ ಒಂದು ಆವರ್ತವೇ 4.8 ಸೆಕೆಂಡ್. ನೀವು 80 ಸೆಕೆಂಡಿನ ಕಾಡು ಬರೆದರೂ ಎರಡು ಆವರ್ತ ಮುಗಿಯುವ ಮೊದಲೇ ಕಾಳಗ ಬಂದು ಕತ್ತರಿಸುತ್ತದೆ. ಹೆಜ್ಜೆಯನ್ನು 70ಕ್ಕಾದರೂ ಏರಿಸಿ. ಕಾಳಗ ಮುಗಿದ ಮೇಲೆ ಎಂಝಡ್ ಬಿಟ್ಟ ಜಾಗದಿಂದಲೇ ಟ್ಯೂನ್ ಮುಂದುವರಿಸುತ್ತದೆ, ಅದು ಸಮಾಧಾನ. ಹಾಗೆ ಮುಂದುವರಿಸದ ಎಂಜಿನ್ ಆದರೆ ಅತ್ಯುತ್ತಮ ಸಾಲನ್ನು ಮೊದಲ ಆವರ್ತದಲ್ಲೇ ಇಡಬೇಕು.

ಮಳೆ ಇದ್ದಲ್ಲಿ

ಆಗುಂಬೆ ಅಂದಮೇಲೆ ಮಳೆಯ ಸದ್ದು ಹಾಕದೆ ಇರಲಾಗದು. ಜಡಿಮಳೆ ಅಂದರೆ ಎಲ್ಲ ತರಂಗಗಳೂ ಕಲೆತ ಸದ್ದು, ನಾಯ್ಸ್ ಚಾನೆಲ್ ಕೊಡುವುದೂ ಅಂಥದ್ದನ್ನೇ. ಎರಡೂ ಒಟ್ಟಿಗಿದ್ದರೆ ತಾಳ ಮಳೆಯೊಳಗೆ ಕರಗಿಹೋಗುತ್ತದೆ. ತಾಳದ ವಾಲ್ಯೂಮ್ ಏರಿಸಿದರೆ ಕಿವಿ ಉರಿಯುತ್ತದೆ. ಮಳೆಯ ನಕ್ಷೆಗಳಲ್ಲಿ ನಾಯ್ಸ್ ಚಾನೆಲ್ ಪೂರ್ತಿ ತೆಗೆಯಿರಿ. ತಾಳ ಬೇಕಿದ್ದರೆ ಟ್ರ್ಯಾಂಗಲಿನಲ್ಲಿ ಒಂದು ಸಾಲಿನೊಳಗೆ ಮೇಲಿಂದ ಕೆಳಗೆ ಜಾರುವ ಸ್ವರ ಹಾಕಿ, ಮದ್ದಲೆಯ ‘ಧೋಂ’ನಂತೆ ಕೇಳುತ್ತದೆ. ಟ್ಯೂನಿನ ಡ್ಯೂಟಿಯನ್ನೂ 0 ಬದಲು 2 ಮಾಡಿ, ತೆಳು ದನಿ ಮಳೆಯಲ್ಲಿ ಮುಚ್ಚಿಹೋಗುತ್ತದೆ.

ಮಳೆಯನ್ನು ಮೊಬೈಲಿನಲ್ಲೇ ರೆಕಾರ್ಡ್ ಮಾಡಬಹುದು. ಜಗಲಿಯ ಒಳಗೆ, ಸೂರಿನಿಂದ ಒಂದೂವರೆ ಮೀಟರ್ ಹಿಂದೆ ಇಡಿ. ತಗಡಿನ ಮಾಡಿನ ಕೆಳಗೆ ಬೇಡ, ಅದರ ಗದ್ದಲದಲ್ಲಿ ಬೇರೇನೂ ಉಳಿಯುವುದಿಲ್ಲ. ಹಂಚಿನ ಮಾಡು ಒಳ್ಳೆಯದು. ಎರಡು ನಿಮಿಷ ತೆಗೆದು, ಎದ್ದು ಕೇಳುವ ಒಂಟಿ ಹನಿ, ನಾಯಿ ಬೊಗಳಿದ್ದು, ಬಸ್ಸಿನ ಹಾರನ್ ಇರುವ ಜಾಗ ಕತ್ತರಿಸಿ. ಅಂಥ ಒಂದು ಸದ್ದು ಉಳಿದರೂ ಎರಡನೇ ಸುತ್ತಿಗೆ ಎಲ್ಲರಿಗೂ ಗೊತ್ತಾಗಿಬಿಡುತ್ತದೆ. ಕೊನೆಯ ಮೂರು ಸೆಕೆಂಡನ್ನು ಮೊದಲ ಮೂರು ಸೆಕೆಂಡಿನ ಮೇಲೆ ಕ್ರಾಸ್‌ಫೇಡ್ ಮಾಡಿ ಬಿಜಿಎಸ್ (ಹಿನ್ನೆಲೆ ಸದ್ದಿನ) ಫೋಲ್ಡರಿಗೆ ಹಾಕಿ. ಇದೇ ಕಡತಕ್ಕೆ 800 ಹರ್ಟ್ಝ್‌ನ ಲೋ-ಪಾಸ್ ಫಿಲ್ಟರ್ (ಅದಕ್ಕಿಂತ ಮೇಲಿನದನ್ನು ತಗ್ಗಿಸುವುದು) ಕೊಟ್ಟು ಇನ್ನೊಂದು ಉಳಿಸಿಕೊಳ್ಳಿ. ಮನೆಯೊಳಗೆ ಕಾಲಿಟ್ಟಾಗ ಅದು ನುಡಿದರೆ ಬಾಗಿಲು ಹಾಕಿದ ಅನುಭವ ಬರುತ್ತದೆ.

ಜೋಗದಲ್ಲಿ ಟ್ಯೂನೇ ಬೇಡ. 253 ಮೀಟರ್ ಮೇಲಿನಿಂದ ಬೀಳುವ ನೀರಿನ ಸದ್ದಿನ ಮೇಲೆ ಯಾವ ಪಲ್ಸ್ ಚಾನೆಲೂ ಗೆಲ್ಲುವುದಿಲ್ಲ. ಹತ್ತಿರ ಬರುತ್ತಿದ್ದಂತೆ ಬಿಜಿಎಂ (ಹಿನ್ನೆಲೆ ಸಂಗೀತ) ಅನ್ನು 4 ಸೆಕೆಂಡಿನಲ್ಲಿ ಫೇಡ್‌ಔಟ್ ಮಾಡಿ, ನೀರಿನ ಬಿಜಿಎಸ್ ಮಾತ್ರ ಉಳಿಸಿ. ಅಲ್ಲಿಯವರೆಗೆ ಒಂದು ಕ್ಷಣವೂ ನಿಲ್ಲದ ಸಂಗೀತ ನಿಂತಾಗ ಆಡುವವರು ತಾವಾಗಿ ನಿಧಾನಿಸುತ್ತಾರೆ. ಇಡೀ ಆಟದಲ್ಲಿ ಇದನ್ನು ಒಂದೇ ಸಲ ಮಾಡಿ.

ಲೂಪ್ ಹೊಲಿಯುವುದು

ಪೀಠಿಕೆ ಒಂದೇ ಸಲ ಕೇಳಬೇಕು, ಉಳಿದದ್ದು ಸುತ್ತಬೇಕು. ಟ್ರ್ಯಾಕರ್‌ನಲ್ಲಿ 16ನೇ ಸಾಲಿಗೆ ಡಿ ಎಫೆಕ್ಟ್ 00 ಹಾಕಿದರೆ ಪ್ಯಾಟರ್ನ್ ಅಲ್ಲೇ ಮುಗಿದು ಮುಂದಿನದಕ್ಕೆ ಹೋಗುತ್ತದೆ. ಹಾಡಿನ ಕೊನೆಯ ಸಾಲಿಗೆ ಬಿ ಎಫೆಕ್ಟ್ 01 ಹಾಕಿದರೆ ಪೀಠಿಕೆ ಬಿಟ್ಟು ಎರಡನೇ ಪ್ಯಾಟರ್ನಿಗೆ ಮರಳುತ್ತದೆ. ಎರಡು ಸುತ್ತು ನುಡಿಯುವಂತೆ ವೇವ್ ಕಡತವಾಗಿ ರಫ್ತು ಮಾಡಿ.

44100 ಸ್ಯಾಂಪಲ್ ರೇಟಿನಲ್ಲಿ ಒಂದು ಫ್ರೇಮ್ 735 ಸ್ಯಾಂಪಲ್. ಸ್ಪೀಡ್ 6 ಅಂದರೆ ಸಾಲಿಗೆ 4410. ಪೀಠಿಕೆಯ 16 ಸಾಲಿಗೆ 70560. ಟ್ಯೂನಿನ 384 ಸಾಲಿಗೆ 1693440, ಅಂದರೆ 38.4 ಸೆಕೆಂಡ್. ಈ ಲೆಕ್ಕವನ್ನು ನಂಬಿ ಕೂರಬೇಡಿ. ಆಡಾಸಿಟಿಯಲ್ಲಿ ಆಯ್ಕೆಯ ಅಳತೆಯನ್ನು ಸ್ಯಾಂಪಲ್‌ಗೆ ಬದಲಿಸಿ, ಮೊದಲ ಸುತ್ತಿನಲ್ಲಿ ಚಂಡೆಯ ಮೊದಲ ಪೆಟ್ಟು ಏಳುವ ಜಾಗ ಮತ್ತು ಎರಡನೇ ಸುತ್ತಿನಲ್ಲಿ ಅದೇ ಪೆಟ್ಟು ಏಳುವ ಜಾಗ ಎರಡನ್ನೂ ಬರೆದುಕೊಳ್ಳಿ. ಮೊದಲ ಸಂಖ್ಯೆ ಲೂಪ್ ಶುರುವಾಗುವ ಜಾಗ, ಎರಡರ ವ್ಯತ್ಯಾಸ ಲೂಪಿನ ಉದ್ದ. ಲೆಕ್ಕಕ್ಕೂ ಅಳತೆಗೂ ಸ್ವಲ್ಪ ಹೆಚ್ಚುಕಮ್ಮಿ ಇದ್ದರೆ ಅಳತೆಯನ್ನೇ ಹಿಡಿಯಿರಿ.

ಆಮೇಲೆ ಮೆಟಾಡೇಟಾ ಪಟ್ಟಿಯಲ್ಲಿ ಎರಡು ಹೊಸ ಟ್ಯಾಗ್ ಸೇರಿಸಿ, ಲೂಪ್‌ಸ್ಟಾರ್ಟ್ ಮತ್ತು ಲೂಪ್‌ಲೆಂಗ್ತ್. ಎರಡನ್ನೂ ಇಂಗ್ಲಿಷಿನ ದೊಡ್ಡ ಅಕ್ಷರದಲ್ಲಿ, ನಡುವೆ ಜಾಗ ಬಿಡದೆ ಬರೆಯಬೇಕು. ಸಂಖ್ಯೆಗಳಲ್ಲಿ ಅಲ್ಪವಿರಾಮ ಹಾಕಬಾರದು. ಒಜಿಜಿ ಕಡತವಾಗಿ ಗುಣಮಟ್ಟ 6ರಲ್ಲಿ ಉಳಿಸಿ. ಎಂಪಿ3 ಬೇಡವೇ ಬೇಡ, ಅದರ ಎನ್‌ಕೋಡರು ಮೊದಲೂ ಕೊನೆಯೂ ತುಸು ಮೌನ ಸೇರಿಸುತ್ತದೆ, ಪ್ರತಿ ಸುತ್ತಿಗೂ ತಾಳ ಎಡವುತ್ತದೆ. ಎರಡನೇ ಸುತ್ತಿನ ಶುರುವಿನ ಒಂದೆರಡು ಸೆಕೆಂಡನ್ನು ಕಡತದ ಬಾಲದಲ್ಲಿ ಬಿಟ್ಟೇ ಕತ್ತರಿಸಿ. ಉದ್ದ ಮುಗಿಯುವಲ್ಲೇ ಕತ್ತರಿಸಿದರೆ ಕೊನೆಯ ಸ್ವರದ ಹೊಲಿಗೆ ಬಿಚ್ಚಿಕೊಂಡು ‘ಟಿಕ್’ ಎನ್ನುತ್ತದೆ.

ಕವಲೇದುರ್ಗದ ನೆಲಮಾಳಿಗೆಗೆ ಡ್ರ್ಯಾಗನ್ ಕ್ವೆಸ್ಟಿನ ಉಪಾಯವನ್ನು ಬಳಸಿಕೊಳ್ಳಲು ಹೊಸ ಕಡತ ಬೇಕಿಲ್ಲ. ಬಿಜಿಎಂನ ಪಿಚ್ ಶೇಕಡಾ ಬದಲಿಸಿದರೆ ವೇಗವೂ ಶ್ರುತಿಯೂ ಒಟ್ಟಿಗೆ ಇಳಿಯುತ್ತವೆ. ಅರ್ಧ ಸ್ವರಕ್ಕೆ ಸುಮಾರು 6 ಶೇಕಡಾ: ಮೊದಲ ಮಹಡಿಗೆ 100, ಆಮೇಲೆ 94, 89, 84. ಪಿಚ್ ಬದಲಾದಾಗ ಟ್ಯೂನ್ ಮೊದಲಿಂದ ಶುರುವಾಗುವುದುಂಟು. ಆದ್ದರಿಂದ ಮೆಟ್ಟಿಲಿಳಿಯುವಾಗ ಪರದೆ ಕಪ್ಪಾಗುವ ಹೊತ್ತಿಗೇ ಬದಲಿಸಿ.

ಸಣ್ಣ ಸದ್ದುಗಳು, ಕೊನೆಯ ಪರೀಕ್ಷೆ

ಆಟದಲ್ಲಿ ಎಲ್ಲಕ್ಕಿಂತ ಹೆಚ್ಚು ಸಲ ಕೇಳುವುದು ಕರ್ಸರ್ ಸದ್ದು. ನಮ್ಮ ಎಲ್ಲ ಟ್ಯೂನ್‌ಗಳೂ ಅದೇ ಐದು ಸ್ವರದಲ್ಲಿರುವುದರಿಂದ ಇಲ್ಲೊಂದು ಲಾಭ ಇದೆ: ಕರ್ಸರನ್ನು ಜಿ ಗೆ, ಒಪ್ಪಿಗೆಯ ಸದ್ದನ್ನು ಜಿ-ಎ ಗೆ, ಪೆಟ್ಟಿಗೆ ತೆರೆಯುವುದನ್ನು ಇ-ಜಿ-ಎ-ಸಿ ಗೆ ಶ್ರುತಿ ಮಾಡಿದರೆ ಊರು, ಕಾಡು, ಕಾಳಗ ಎಲ್ಲೂ ಅಪಸ್ವರವಾಗುವುದಿಲ್ಲ. ಪಿಚ್ ಇಳಿಸಿದ ನೆಲಮಾಳಿಗೆಯಲ್ಲಿ ಮಾತ್ರ ಇದು ಕೆಡುತ್ತದೆ, ಅಲ್ಲಿ ಪೆಟ್ಟಿಗೆಗೆ ಸ್ವರವಿಲ್ಲದ ಮರದ ಕಿರುಗುಟ್ಟುವಿಕೆ ಕೊಡಿ.

ಟ್ಯೂನ್‌ಗಳನ್ನು ಲೌಡ್‌ನೆಸ್ ನಾರ್ಮಲೈಸೇಶನ್‌ನಲ್ಲಿ ಮೈನಸ್ 20ಕ್ಕೆ ಸಮ ಮಾಡಿ. ಪಲ್ಸ್ ದನಿ ತೀಕ್ಷ್ಣ, ಇದಕ್ಕಿಂತ ಏರಿಸಿದರೆ ಒಂದು ಗಂಟೆ ಆಡುವುದು ಕಷ್ಟ. ಗೆಲುವಿನ ತುಣುಕು ಎಂಇ (ಸಣ್ಣ ಸಂಗೀತ ತುಣುಕಿನ) ಫೋಲ್ಡರಿನಲ್ಲಿರಲಿ, 4 ಸೆಕೆಂಡ್ ದಾಟದಿರಲಿ.

ಎಲ್ಲ ಕೂಡಿಸಿದ ಮೇಲೆ ಆಟ ಗೊತ್ತಿಲ್ಲದ ಒಬ್ಬರನ್ನು ಕೂರಿಸಿ, ಪರದೆ ಮುಚ್ಚಿ, ಮೊಬೈಲ್ ಸ್ಪೀಕರಿನಲ್ಲಿ ಊರು, ಕಾಡು, ಕೋಟೆ ಮೂರನ್ನೂ ಕೇಳಿಸಿ ಯಾವುದು ಯಾವುದೆಂದು ಕೇಳಿ. ಊರನ್ನೂ ಕಾಡನ್ನೂ ಅದಲುಬದಲು ಮಾಡಿದರೆ ಬೇಸ್ ಅವರಿಗೆ ತಲುಪಿಲ್ಲ. ಎರಡನೇ ಪಲ್ಸಿನ ಇ ವಾಲ್ಯೂಮ್ 4ರಿಂದ 6ಕ್ಕೆ ಏರಿಸಿ ಮತ್ತೆ ಕೇಳಿಸಿ. ಆಮೇಲೆ ಒಂದೊಂದು ಟ್ಯೂನನ್ನೂ ಹತ್ತು ಸುತ್ತು ಬಿಡದೆ ನುಡಿಸಿ, ಬೇರೆ ಕೆಲಸ ಮಾಡುತ್ತಾ ಕೇಳಿ. ಯಾವ ಜಾಗದಲ್ಲಿ ಕೈ ತಾನಾಗಿ ವಾಲ್ಯೂಮ್ ಇಳಿಸಲು ಹೋಗುತ್ತದೋ ಆ ಸಾಲಿನ ಸಂಖ್ಯೆ ಗುರುತು ಹಾಕಿ. ಹೆಚ್ಚಿನ ಸಲ ಅಲ್ಲಿರುವುದು ತೀರ ಮೇಲಿನ ಸ್ಥಾಯಿಯ ಉದ್ದ ಸ್ವರ, ಅದನ್ನು ಒಂದು ಸ್ಥಾಯಿ ಇಳಿಸಿದರೆ ಅಥವಾ ಅರ್ಧಕ್ಕೆ ಕತ್ತರಿಸಿದರೆ ಸಾಕಾಗುತ್ತದೆ.